ನಡೆಯುವ ರೋಬೋಟ್‌ಗೆ ಯಾವ ಬ್ಯಾಟರಿ? ಐದನ್ನೂ ಹಾಕಿ ನಡೆಸಿ ನೋಡಿದ್ದು

ಚಕ್ರದ ರೋಬೋಟ್‌ಗೆ ಬ್ಯಾಟರಿ ಆರಿಸೋದು ಸುಲಭ. ನಿಂತಾಗ ಅದರ ಮೋಟಾರ್ ಏನೂ ಎಳೆಯುವುದಿಲ್ಲ. ವೋಲ್ಟೇಜ್ ಸ್ವಲ್ಪ ಇಳಿದರೆ ನಿಧಾನ ಆಗುತ್ತದೆ, ಅಷ್ಟೆ. ಕಾಲಿರುವ ರೋಬೋಟ್ ಕಥೆ ಬೇರೆ. ಅದು ಸುಮ್ನೆ ನಿಂತಿದ್ದರೂ ತನ್ನ ಭಾರವನ್ನು ತಾನೇ ಹೊತ್ತಿರಬೇಕು. ಹೆಜ್ಜೆ ಎತ್ತಿದ ಕ್ಷಣದಲ್ಲಿ ಎಲ್ಲ ಸರ್ವೋಗಳೂ, ಅಂದರೆ ಕಾಲಿನ ಕೀಲು ತಿರುಗಿಸುವ ಪುಟ್ಟ ಮೋಟಾರ್‌ಗಳೂ, ಒಟ್ಟಿಗೆ ಕರೆಂಟ್ ಕೇಳುತ್ತವೆ. ಆ ಅರೆಕ್ಷಣ ಬ್ಯಾಟರಿ ಕೈಕೊಟ್ಟರೆ ಕಾಲು ನಡುಗುತ್ತದೆ, ಬೋರ್ಡ್ ರೀಸೆಟ್ ಆಗುತ್ತದೆ, ರೋಬೋಟ್ ಕುಸಿದು ಕೂರುತ್ತದೆ. ಅದಕ್ಕೇ ಬ್ಯಾಟರಿ ಮೇಲೆ ದೊಡ್ಡದಾಗಿ ಬರೆದಿರುವ ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಂಕಿ) ನೋಡಿ ಯಾರೂ ಮರುಳಾಗಬಾರದು ಅಂತ ನಾನು ಹೇಳೋದು. ಜೋರಾಗಿ ಎಳೆದಾಗ ವೋಲ್ಟೇಜ್ ಎಷ್ಟು ಇಳಿಯುತ್ತದೆ, ಆ ಬ್ಯಾಟರಿಯನ್ನು ನೋಡಿಕೊಳ್ಳೋಕೆ ನಿಮಗೆ ಎಷ್ಟು ವ್ಯವಧಾನ ಇದೆ, ಈ ಎರಡನ್ನೇ ಮೊದಲು ನೋಡಬೇಕು.

ನಾನು ಹೋಲಿಸಿ ನೋಡಿದ್ದು ನಾಲ್ಕು ಕಾಲಿನ ರೋಬೋಟ್‌ನಲ್ಲಿ. ಕಾಲಿಗೆ ಎರಡರಂತೆ ಎಂಟು ಎಂಜಿ90ಎಸ್ ಸರ್ವೋ, ಅವನ್ನು ನಡೆಸೋಕೆ ಪಿಸಿಎ9685 ಬೋರ್ಡ್, ಮೆದುಳಾಗಿ ಆರ್ಡುಯಿನೋ ನ್ಯಾನೋ. ಬ್ಯಾಟರಿ ಯಾವುದೇ ಇರಲಿ, ನ್ಯಾನೋಗೆ ಒಂದು ಪುಟ್ಟ ಸ್ಟೆಪ್ ಅಪ್-ಡೌನ್ ಮಾಡ್ಯೂಲ್ ಮೂಲಕ 5 ವೋಲ್ಟ್ ಕೊಟ್ಟೆ. ಸರ್ವೋ ಲೈನ್ ಬೇರೆ, ಗ್ರೌಂಡ್ (ನೆಗೆಟಿವ್ ವೈರ್) ಮಾತ್ರ ಎರಡಕ್ಕೂ ಒಂದೇ. ಗ್ರೌಂಡ್ ಸೇರಿಸದಿದ್ದರೆ ಸರ್ವೋಗಳು ಮನಸ್ಸಿಗೆ ಬಂದ ಹಾಗೆ ಕುಣಿಯುತ್ತವೆ. ನಡೆಯುವಾಗ ಸರಾಸರಿ ಕರೆಂಟ್ ಒಂದರಿಂದ ಒಂದೂವರೆ ಆಂಪಿಯರ್ ಇತ್ತು. ಆದರೆ ಎಂಟೂ ಸರ್ವೋ ಒಂದೇ ಸಲ ಹೊರಟಾಗ, ಅಥವಾ ಕಾಲು ಎಲ್ಲಾದರೂ ಸಿಕ್ಕಿಕೊಂಡಾಗ, ನಾಲ್ಕೈದು ಆಂಪಿಯರ್‌ವರೆಗೂ ಜಿಗಿಯುತ್ತಿತ್ತು. ಸರಾಸರಿಯನ್ನು ಯಾವ ಬ್ಯಾಟರಿ ಬೇಕಾದರೂ ಕೊಡುತ್ತದೆ. ಪರೀಕ್ಷೆ ಇರೋದು ಆ ಜಿಗಿತದಲ್ಲಿ.

ಪೆನ್ಸಿಲ್ ಸೆಲ್: ಅಲ್ಕಲೈನ್ ಮತ್ತು ನಿಕಲ್

ನಾಲ್ಕು ಅಲ್ಕಲೈನ್ ಎಎ ಸೆಲ್ ಅಂದರೆ ಲೆಕ್ಕಕ್ಕೆ 6 ವೋಲ್ಟ್. ಮೀಟರ್ ಹಿಡಿದರೆ ಇನ್ನೂ ಸ್ವಲ್ಪ ಜಾಸ್ತಿನೇ ತೋರಿಸುತ್ತದೆ. ರೋಬೋಟ್ ಎದ್ದು ನಿಂತಾಗ ಎಲ್ಲಾ ಸರಿಯಿದೆ ಅನ್ನಿಸುತ್ತದೆ. ಮೊದಲ ಹೆಜ್ಜೆಗೆ ಕಾಲು ಅರ್ಧ ಎತ್ತುತ್ತದೆ, ಎಂಟೂ ಸರ್ವೋ ಗುಂಯ್ ಅನ್ನುತ್ತವೆ, ಪಿಸಿಎ ಬೋರ್ಡಿನ ದೀಪ ಮಂಕಾಗುತ್ತದೆ, ತಕ್ಷಣ ರೋಬೋಟ್ ಮತ್ತೆ ಶುರುವಿನ ಭಂಗಿಗೆ ಬಂದು ನಿಲ್ಲುತ್ತದೆ. ನ್ಯಾನೋ ರೀಸೆಟ್ ಆಗಿದೆ. ಪ್ರೋಗ್ರಾಮ್‌ನಲ್ಲಿ ಎಷ್ಟು ಹುಡುಕಿದರೂ ಇದಕ್ಕೆ ಕಾರಣ ಸಿಗೋದಿಲ್ಲ.

ಕಾರಣ ಸೆಲ್ ಒಳಗಿನ ರೆಸಿಸ್ಟೆನ್ಸ್. ಹೊಸ ಅಲ್ಕಲೈನ್ ಸೆಲ್ಲಿನಲ್ಲಿ ಅದು ಸುಮಾರು 0.15ರಿಂದ 0.3 ಓಮ್ ಇರುತ್ತದೆ. ನಾಲ್ಕನ್ನು ಸಾಲಾಗಿ ಜೋಡಿಸಿದರೆ 0.6ರಿಂದ 1.2 ಓಮ್. ನಾಲ್ಕು ಆಂಪಿಯರ್ ಎಳೆದರೆ ಕಡಿಮೆ ಅಂದರೂ 2.4 ವೋಲ್ಟ್ ಸೆಲ್ ಒಳಗೇ ಕಳೆದುಹೋಗುತ್ತದೆ. ಉಳಿದದ್ದರಲ್ಲಿ ಸರ್ವೋನೂ ನಡೆಯಬೇಕು, ನ್ಯಾನೋನೂ ನಡೆಯಬೇಕು ಅಂದರೆ ಹೇಗೆ? ಸೆಲ್ ಖಾಲಿಯಾಗುತ್ತಾ ಬಂದಂತೆ ಈ ರೆಸಿಸ್ಟೆನ್ಸ್ ಇನ್ನೂ ಏರುತ್ತದೆ. ಗೋಡೆ ಗಡಿಯಾರಕ್ಕೂ ರಿಮೋಟ್‌ಗೂ ಅಲ್ಕಲೈನ್ ಬಹಳ ಒಳ್ಳೆಯದು. ಕಾಲಿನ ರೋಬೋಟ್‌ಗೆ ಬೇಡವೇ ಬೇಡ.

ಅದೇ ಗಾತ್ರದ ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿದರೆ ಅದೇ ರೋಬೋಟ್ ಅಂತ ನಂಬೋಕೆ ಆಗೋದಿಲ್ಲ. ಒಂದು ಸೆಲ್‌ಗೆ 1.2 ವೋಲ್ಟ್ ಮಾತ್ರ, ಹಾಗಾಗಿ ಕಾಗದದ ಮೇಲೆ ಇದು ಅಲ್ಕಲೈನ್‌ಗಿಂತ ದುರ್ಬಲ. ಆದರೆ ಒಳಗಿನ ರೆಸಿಸ್ಟೆನ್ಸ್ ಎಷ್ಟೋ ಪಾಲು ಕಡಿಮೆ. ಐದು ಸೆಲ್ ಸೇರಿ 6 ವೋಲ್ಟ್, ಮಧ್ಯೆ ವೋಲ್ಟೇಜ್ ಹದ ಮಾಡುವ ರೆಗ್ಯುಲೇಟರ್ ಏನೂ ಇಲ್ಲದೆ ನೇರ ಸರ್ವೋಗೆ. ಕಾಲುಗಳು ಒಂದೇ ಗತಿಯಲ್ಲಿ ಎದ್ದು ಇಳಿದವು. ರೀಸೆಟ್ ಆಗಲೇ ಇಲ್ಲ.

ಇದು ಕಾಕತಾಳೀಯ ಏನಲ್ಲ. ಸರ್ವೋ ವಿವರಪಟ್ಟಿಯಲ್ಲಿ ಯಾವಾಗಲೂ 4.8 ಮತ್ತು 6 ವೋಲ್ಟ್ ಅಂತ ಎರಡು ಅಂಕಿ ಯಾಕೆ ಇರುತ್ತವೆ ಗೊತ್ತಾ? ಆಟದ ವಿಮಾನ, ಕಾರುಗಳ ರಿಸೀವರ್‌ಗೆ ನಾಲ್ಕು ಅಥವಾ ಐದು ನಿಕಲ್ ಸೆಲ್‌ಗಳ ಪ್ಯಾಕ್ ಹಾಕುತ್ತಿದ್ದ ಕಾಲದಿಂದ ಬಂದ ಅಂಕಿಗಳವು. ನಾಲ್ಕು ಸೆಲ್‌ಗೆ 4.8, ಐದಕ್ಕೆ 6. ಅಂದರೆ ಸರ್ವೋ ಹುಟ್ಟಿದ್ದೇ ಈ ಬ್ಯಾಟರಿ ಜೊತೆ.

ತೊಂದರೆ ಇಲ್ಲ ಅಂತಲ್ಲ. ಭಾರ ಇದೆ. ಒಂದು ಸೆಲ್ ಸುಮಾರು 27 ಗ್ರಾಂ, ಐದು ಸೇರಿ 135 ಗ್ರಾಂ. ಚಾರ್ಜರ್‌ನಿಂದ ಆಗಷ್ಟೇ ತೆಗೆದ ಐದು ಸೆಲ್ 7 ವೋಲ್ಟ್ ಮುಟ್ಟಬಹುದು. ಸ್ವಲ್ಪ ಹೊತ್ತು ಹಾಗೇ ಬಿಟ್ಟು ಆಮೇಲೆ ಹಾಕಿದರೆ ಸರ್ವೋಗೆ ಒಳ್ಳೆಯದು. ಸೆಲ್ ಒಂದಕ್ಕೆ 1 ವೋಲ್ಟ್‌ಗಿಂತ ಕೆಳಗೆ ಇಳಿಸಬೇಡಿ. ಇಳಿಸಿದರೆ ಐದರಲ್ಲಿ ಬಡವಾದ ಒಂದು ಸೆಲ್ ಉಲ್ಟಾ ಚಾರ್ಜ್ ಆಗಿ ಕೆಟ್ಟುಹೋಗುತ್ತದೆ. ಕೊಳ್ಳುವಾಗ ಇಟ್ಟಲ್ಲೇ ಚಾರ್ಜ್ ಸೋರಿಹೋಗದ ಜಾತಿಯದ್ದನ್ನೇ ಕೇಳಿ. 2005ರಲ್ಲಿ ಸ್ಯಾನ್ಯೋ ಕಂಪನಿ ಎನೆಲೂಪ್ ಹೆಸರಲ್ಲಿ ಇಂಥವನ್ನು ತಂದ ಮೇಲೆ ಈಗ ಹಲವು ಕಂಪನಿಗಳು ಮಾಡುತ್ತವೆ. ತಿಂಗಳುಗಟ್ಟಲೆ ಬಿಟ್ಟು ತೆಗೆದರೂ ರೋಬೋಟ್ ಎದ್ದು ನಡೆಯುತ್ತದೆ.

ಪವರ್ ಬ್ಯಾಂಕ್

ಇದನ್ನು ಬೇಗ ಮುಗಿಸುತ್ತೇನೆ. ಸಾಮಾನ್ಯ ಪವರ್ ಬ್ಯಾಂಕ್ 5 ವೋಲ್ಟ್‌ನಲ್ಲಿ ಎರಡು ಎರಡೂವರೆ ಆಂಪಿಯರ್ ಕೊಡುತ್ತದೆ. ಅದಕ್ಕಿಂತ ಜಾಸ್ತಿ ಎಳೆದರೆ ತನ್ನನ್ನು ಕಾಪಾಡಿಕೊಳ್ಳೋಕೆ ಬಂದ್ ಆಗುತ್ತದೆ. ತೀರಾ ಕಡಿಮೆ ಎಳೆದರೂ ಫೋನ್ ಚಾರ್ಜ್ ಮುಗಿಯಿತು ಅಂದುಕೊಂಡು ಬಂದ್ ಆಗುತ್ತದೆ. ರೋಬೋಟ್ ಎರಡನ್ನೂ ಮಾಡುತ್ತದಲ್ವಾ? ಭಾರವೂ ಜಾಸ್ತಿ. ಮೇಜಿನ ಮೇಲೆ ಪ್ರೋಗ್ರಾಮ್ ಬರೆಯುವಾಗ ಒಂದೊಂದೇ ಕಾಲನ್ನು ಪರೀಕ್ಷಿಸೋಕೆ ಇಟ್ಟುಕೊಳ್ಳಿ, ಅಷ್ಟು ಸಾಕು.

ಲಿಥಿಯಂ: ಲೈಪೋ ಮತ್ತು 18650

ಎರಡು ಸೆಲ್‌ಗಳ, ಅಂದರೆ 2ಎಸ್ ಲೈಪೋ (ಲಿಥಿಯಂ ಪಾಲಿಮರ್ ಬ್ಯಾಟರಿ), 7.4 ವೋಲ್ಟ್, 1000 ಎಂಎಎಚ್. ತೂಕ ಸುಮಾರು 55 ಗ್ರಾಂ. 20ಸಿ ಅಂತ ಬರೆದಿದ್ದರೆ 1 ಆಂಪಿಯರ್ ಅವರ್‌ನ ಇಪ್ಪತ್ತು ಪಟ್ಟು, ಅಂದರೆ 20 ಆಂಪಿಯರ್ ಕೊಡಬಲ್ಲದು ಅಂತ ಅರ್ಥ. ಬರೆದದ್ದರಲ್ಲಿ ಅರ್ಧವನ್ನೇ ನಂಬಿದರೂ ನಮ್ಮ ಐದು ಆಂಪಿಯರ್ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಭಾರ ಇಳಿದದ್ದು ಎಷ್ಟು ಉಪಯೋಗಕ್ಕೆ ಬರುತ್ತದೆ ಅನ್ನೋದನ್ನು ಲೆಕ್ಕ ಹಾಕಿಯೇ ನೋಡೋಣ. ಓಡುನಡಿಗೆಯಲ್ಲಿ ಕರ್ಣದ ಎರಡು ಕಾಲುಗಳ ಮೇಲೇ ಇಡೀ ಮೈ ನಿಂತಿರುತ್ತದೆ. ರೋಬೋಟ್ 400 ಗ್ರಾಂ ಇದ್ದರೆ ಒಂದು ಕಾಲಿಗೆ 200 ಗ್ರಾಂ. ಪಾದ ಸರ್ವೋ ಅಚ್ಚಿನಿಂದ 5 ಸೆಂಟಿಮೀಟರ್ ದೂರ ಇದ್ದರೆ ಬೇಕಾದ ತಿರುಚುಬಲ 1 ಕೆಜಿ-ಸೆಂಟಿಮೀಟರ್. ಎಂಜಿ90ಎಸ್ 6 ವೋಲ್ಟ್‌ನಲ್ಲಿ ನಿಂತುಹೋಗುವ ಮಿತಿಯೇ 2.2. ಅದರ ಅರ್ಧದೊಳಗೆ ಕೆಲಸ ಮಾಡಿಸಿದರೆ ಮಾತ್ರ ಸರ್ವೋ ತಣ್ಣಗೆ ಬಾಳುತ್ತದೆ. ನಿಕಲ್ ಬಿಟ್ಟು ಲೈಪೋ ಹಾಕಿದರೆ 80 ಗ್ರಾಂ ಇಳಿಯುತ್ತದೆ, ಕಾಲಿಗೆ 0.2 ಕೆಜಿ-ಸೆಂಟಿಮೀಟರ್ ಉಳಿಯುತ್ತದೆ. ಅಂಚಿನಲ್ಲಿರುವ ಸರ್ವೋಗೆ ಅದು ದೊಡ್ಡ ನೆಮ್ಮದಿ. ನಡಿಗೆಯಲ್ಲೇ ವ್ಯತ್ಯಾಸ ಕಾಣುತ್ತದೆ. ಪಾದ ನೆಲಕ್ಕೆ ಬಿದ್ದಾಗ ಮೈ ಜಗ್ಗೋದಿಲ್ಲ.

ಆದರೆ ಪೂರ್ತಿ ಚಾರ್ಜ್ ಆದ 2ಎಸ್ ಲೈಪೋ 8.4 ವೋಲ್ಟ್ ಇರುತ್ತದೆ. 6 ವೋಲ್ಟ್ ಸರ್ವೋಗೆ ನೇರ ಕೊಟ್ಟರೆ ಸುಟ್ಟೀತು. ಮಧ್ಯೆ 5 ಆಂಪಿಯರ್‌ನ ಯುಬಿಇಸಿ, ಅಂದರೆ ಹೆಚ್ಚು ಬಿಸಿಯಾಗದೆ ವೋಲ್ಟೇಜ್ ಇಳಿಸಿಕೊಡುವ ಪುಟ್ಟ ಮಾಡ್ಯೂಲ್, ಇಡಲೇಬೇಕು. 7805 ತರಹದ ಹಳೇ ರೆಗ್ಯುಲೇಟರ್ ಬೇಡ. ಅದು ಹೆಚ್ಚಿನ ವೋಲ್ಟೇಜನ್ನೆಲ್ಲ ಬಿಸಿ ಮಾಡಿಯೇ ಕಳೆಯುತ್ತದೆ, ಒಂದೆರಡು ಆಂಪಿಯರ್‌ಗೇ ಸೋಲುತ್ತದೆ. ಯುಬಿಇಸಿಯಿಂದ ಸರ್ವೋ ಬೋರ್ಡ್‌ವರೆಗೆ ದಪ್ಪ ವೈರ್ ಹಾಕಿ. ಕೂದಲೆಳೆಯಂಥ ಜಂಪರ್ ವೈರ್‌ನಲ್ಲೇ ವೋಲ್ಟೇಜ್ ಸೋರಿದರೆ ಒಳ್ಳೇ ಬ್ಯಾಟರಿ ಹಾಕಿ ಏನು ಪ್ರಯೋಜನ? ಬೋರ್ಡ್ ಹತ್ತಿರ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಇರಲಿ. ಅದು ಚಿಕ್ಕ ಜಿಗಿತಗಳನ್ನು ತಡೆಯುತ್ತದೆ. ಬಡ ಬ್ಯಾಟರಿಯನ್ನು ಗಟ್ಟಿ ಮಾಡುವುದಿಲ್ಲ.

ಇನ್ನು ಲೈಪೋ ಆರೈಕೆ. ಇಲ್ಲೇ ಬಹಳ ಜನ ಸೋಲೋದು. ಸೆಲ್‌ಗೆ 3 ವೋಲ್ಟ್‌ಗಿಂತ ಕೆಳಗೆ ಹೋದರೆ ಹಾಳು. ನಾನು 3.4ಕ್ಕೇ ನಿಲ್ಲಿಸುತ್ತೇನೆ. ಕೆಲಸ ಮುಗಿದ ಮೇಲೆ ಪೂರ್ತಿ ತುಂಬಿಸಿಯೂ ಇಡಬಾರದು, ಖಾಲಿ ಮಾಡಿಯೂ ಇಡಬಾರದು. ಸೆಲ್‌ಗೆ 3.8 ವೋಲ್ಟ್ ಇರುವಂತೆ ಇಡಬೇಕು. ಎಲ್ಲ ಸೆಲ್‌ಗಳನ್ನೂ ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಬೇಕೇ ಬೇಕು. ಚಾರ್ಜ್ ಆಗುವಾಗ ಪಕ್ಕದಲ್ಲಿ ಯಾರಾದರೂ ಇರಬೇಕು. ಹೊಟ್ಟೆ ಉಬ್ಬಿದ ಲೈಪೋ ಮತ್ತೆ ಚಾರ್ಜರ್ ಮುಖ ನೋಡಬಾರದು. ಬೀಳೋದು ಕಾಲಿನ ರೋಬೋಟ್‌ಗೆ ಮಾಮೂಲು, ಲೈಪೋ ಮೈ ಮೆತ್ತಗಿನದು. ಅದಕ್ಕೇ ಅದನ್ನು ಮೈಯ ಒಳಗೆ, ನಾಲ್ಕೂ ಕಡೆ ಗೋಡೆ ಇರುವ ಗೂಡಲ್ಲಿ ಕೂರಿಸಬೇಕು. ಹೊಟ್ಟೆಯಡಿ ಟೇಪ್ ಸುತ್ತಿ ನೇತುಹಾಕೋದನ್ನು ನೋಡಿದಾಗೆಲ್ಲ ನನಗೆ ಭಯವಾಗುತ್ತದೆ.

18650 ಸೆಲ್‌ಗೆ ಗಟ್ಟಿ ಲೋಹದ ಕವಚ ಇದೆ. ಹೆಸರಲ್ಲೇ ಅಳತೆ ಇದೆ: 18 ಮಿಲಿಮೀಟರ್ ಅಗಲ, 65 ಉದ್ದ. ಎರಡು ಸೆಲ್ ಸೇರಿ ಸುಮಾರು 95 ಗ್ರಾಂ. 2500 ಎಂಎಎಚ್ ಸೆಲ್ ಆದರೆ ಶಕ್ತಿ 18.5 ವ್ಯಾಟ್-ಅವರ್. ಮೇಲಿನ ಲೈಪೋದಲ್ಲಿ ಇರೋದು 7.4 ಮಾತ್ರ, ನಿಕಲ್ ಪ್ಯಾಕ್‌ನಲ್ಲಿ 12. ಹಾಗಾದರೆ ಇದೇ ಗೆಲ್ಲಬೇಕಿತ್ತು. ನಡೆದ ಹೊತ್ತಿನ ಲೆಕ್ಕದಲ್ಲಿ ಗೆದ್ದದ್ದೂ ಇದೇ. ಲೈಪೋ ಮುಕ್ಕಾಲು ಗಂಟೆ ಹತ್ತಿರ ನಡೆಸಿದರೆ ಇದು ಅದರ ಎರಡು ಪಟ್ಟಿಗೂ ಜಾಸ್ತಿ ನಡೆಸಿತು.

ಕಿರಿಕಿರಿ ಬಂದದ್ದು ಸ್ಪ್ರಿಂಗ್ ಇರುವ ಪ್ಲಾಸ್ಟಿಕ್ ಹೋಲ್ಡರ್‌ನಿಂದ. ಪಾದ ನೆಲಕ್ಕೆ ತಟ್ಟಿದಾಗೆಲ್ಲ ಭಾರದ ಸೆಲ್ ಒಳಗೆ ಅಲುಗುತ್ತದೆ. ಸ್ಪ್ರಿಂಗ್ ಒಂದು ಕ್ಷಣ ಬಿಟ್ಟು ಹಿಡಿಯುತ್ತದೆ. ಅಷ್ಟು ಸಾಕು ರೀಸೆಟ್ ಆಗೋಕೆ. ನಿಕಲ್ ಪಟ್ಟಿ ಸ್ಪಾಟ್ ವೆಲ್ಡ್ ಮಾಡಿದ ಪ್ಯಾಕ್ ತಂದು ಹಾಕಿದ ಮೇಲೆ ಈ ಕಾಟ ನಿಂತಿತು. ಸೆಲ್ ಮೇಲೆ ನೇರವಾಗಿ ಬೆಸುಗೆ ಹಾಕೋಕೆ ಹೋಗಬೇಡಿ, ಆ ಬಿಸಿ ಸೆಲ್‌ಗೆ ಆಗಿಬರೋದಿಲ್ಲ. ಸೆಲ್ ಅತಿಯಾಗಿ ತುಂಬದಂತೆ, ಅತಿಯಾಗಿ ಖಾಲಿಯಾಗದಂತೆ ಕಾಯುವ 2ಎಸ್ ಪ್ರೊಟೆಕ್ಷನ್ ಬೋರ್ಡ್ ಇರಲಿ. ಸೆಲ್ ಮೇಲೆ 5000, 9900 ಎಂಎಎಚ್ ಅಂತ ಬರೆದಿದ್ದರೆ ಅದು ಸುಳ್ಳು. ಈ ಗಾತ್ರದಲ್ಲಿ ಅಷ್ಟು ಹಿಡಿಸೋದಿಲ್ಲ.

ಯಾವುದೇ ಲಿಥಿಯಂ ಹಾಕಿದರೂ ಒಂದು ಕೆಲಸ ಮಾಡಿಕೊಳ್ಳಿ. 10 ಕಿಲೋ ಓಮ್‌ನ ಎರಡು ರೆಸಿಸ್ಟರ್ ಸಾಲಾಗಿ ಬ್ಯಾಟರಿಗೆ ಜೋಡಿಸಿ, ಮಧ್ಯದಿಂದ ಒಂದು ವೈರ್ ಅನ್ನು ನ್ಯಾನೋದ ಅನಲಾಗ್ ಪಿನ್‌ಗೆ ಕೊಡಿ. 8.4 ವೋಲ್ಟ್ ಅಲ್ಲಿ 4.2 ಆಗಿ ಕಾಣುತ್ತದೆ. ಒಟ್ಟು 6.8ಕ್ಕೆ ಇಳಿದಾಗ ರೋಬೋಟ್ ನಿಧಾನ ಕೂತು, ಸರ್ವೋಗಳಿಗೆ ಸಿಗ್ನಲ್ ನಿಲ್ಲಿಸಲಿ. ಸುಸ್ತಾದ ಪ್ರಾಣಿ ಕೂತ ಹಾಗೆ ಅದು ಕಾಲು ಮಡಚಿ ಕೂರೋದನ್ನು ನೋಡೋಕೆ ಚೆಂದ, ಬ್ಯಾಟರಿಯೂ ಉಳಿಯುತ್ತದೆ.

ಕಾಲುಗಳ ಆರೈಕೆಯೂ ಬ್ಯಾಟರಿ ಲೆಕ್ಕವೇ

ಕಾಲು ಎಲ್ಲಾದರೂ ಬಿಗಿದರೆ ಕರೆಂಟ್ ಏರುತ್ತದೆ, ಆಗ ಬೈಗುಳ ಬ್ಯಾಟರಿಗೆ ಬೀಳುತ್ತದೆ. ನಡೆಸಿ ನಿಲ್ಲಿಸಿದ ತಕ್ಷಣ ಎಂಟೂ ಸರ್ವೋಗಳನ್ನು ಬೆರಳಲ್ಲಿ ಮುಟ್ಟಿ ನೋಡಿ. ಎಲ್ಲವೂ ಒಂದೇ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಸುಡುತ್ತಿದ್ದರೆ ಆ ಕಾಲಿನ ಕೀಲು ಬಿಗಿಯಾಗಿದೆ, ಇಲ್ಲವೇ ಹಾರ್ನ್ (ಸರ್ವೋ ಅಚ್ಚಿಗೆ ಕೂರಿಸುವ ಪುಟ್ಟ ತೋಳು) ಒಂದು ಹಲ್ಲು ಆಚೀಚೆ ಕೂತಿದೆ. ಸರ್ವೋವನ್ನು 90 ಡಿಗ್ರಿಗೆ ತಂದು, ಹಾರ್ನ್ ಬಿಚ್ಚಿ ಮತ್ತೆ ಕೂರಿಸಿ. ಹಾರ್ನ್ ಸ್ಕ್ರೂಗಳು ನಡೆದು ನಡೆದು ಸಡಿಲ ಆಗುತ್ತವೆ. ಪ್ಲಾಸ್ಟಿಕ್ ಇರುವ ಕಡೆ ಸ್ಕ್ರೂಗೆ ಥ್ರೆಡ್ ಲಾಕರ್ ಹಚ್ಚಬೇಡಿ, ಕೆಲವು ಪ್ಲಾಸ್ಟಿಕ್ ಅದಕ್ಕೆ ಬಿರುಕು ಬಿಡುತ್ತವೆ.

ಸರ್ವೋ ವಿಷಯದಲ್ಲಿ ಎಸ್‌ಜಿ90ಗೂ ಎಂಜಿ90ಎಸ್‌ಗೂ ಇರುವ ವ್ಯತ್ಯಾಸ ಗೇರ್‌ನದು. 9 ಗ್ರಾಂನ ಎಸ್‌ಜಿ90 ಹಗುರ, ಆದರೆ ಮೇಜಿಂದ ಒಂದು ಸಲ ಬಿದ್ದರೆ ಪ್ಲಾಸ್ಟಿಕ್ ಗೇರ್‌ನ ಹಲ್ಲು ಉದುರುತ್ತದೆ. ಎಂಜಿ90ಎಸ್ 13 ಗ್ರಾಂ ಚಿಲ್ಲರೆ, ಲೋಹದ ಗೇರ್. ಕಾಲಿಗೆ ಇದೇ ಸರಿ. ಅದೂ ಸವೆಯುತ್ತದೆ, ಆದರೆ ಮುನ್ಸೂಚನೆ ಕೊಟ್ಟು ಸವೆಯುತ್ತದೆ. ಮೊದಲು ಕಾಲು ಲಡಬಡ ಆಡುತ್ತದೆ, ಆಮೇಲೆ ನಿಂತಲ್ಲೇ ಕಂಪಿಸೋಕೆ ಶುರುವಾಗುತ್ತದೆ. ಆಗ ಬದಲಿಸಿ.

ನನ್ನ ಆಯ್ಕೆ ಕೇಳಿದರೆ, ಮಕ್ಕಳ ಕೈಗೆ ಹೋಗುವ ರೋಬೋಟ್‌ಗೆ, ಹೊಸಬರಿಗೆ, ಆಗೊಮ್ಮೆ ಈಗೊಮ್ಮೆ ಮಾತ್ರ ತೆಗೆಯುವವರಿಗೆ ಐದು ನಿಕಲ್ ಸೆಲ್. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ನಡಿಗೆ ಚುರುಕಾಗಬೇಕು, ಜಿಗಿಸಬೇಕು ಅನ್ನುವವರಿಗೆ ಲೈಪೋ, ಆರೈಕೆ ಮಾಡುವ ಶಿಸ್ತು ಇದ್ದರೆ ಮಾತ್ರ. ವೆಲ್ಡ್ ಮಾಡಿದ 18650 ಪ್ಯಾಕ್ ಆರು ಕಾಲಿನ, ಮೈ ಅಗಲ ಇರುವ ರೋಬೋಟ್‌ಗೆ ಚೆನ್ನಾಗಿ ಒಗ್ಗುತ್ತದೆ. ನಿಕಲ್ ಮತ್ತು ಲೈಪೋ ಎರಡನ್ನೂ ಒಂದೇ ರೋಬೋಟ್‌ಗೆ ಅದಲು ಬದಲು ಹಾಕುವವರಾದರೆ ಎರಡಕ್ಕೂ ಬೇರೆ ಬೇರೆ ಜಾತಿಯ ಕನೆಕ್ಟರ್ ಇರಲಿ. ನನ್ನದರಲ್ಲಿ ನಿಕಲ್‌ಗೆ ಜೆಎಸ್‌ಟಿ, ಲೈಪೋಗೆ ಎಕ್ಸ್‌ಟಿ30. ನಿಕಲ್ ಲೈನ್ ನೇರ ಸರ್ವೋಗೆ ಹೋಗುತ್ತದಲ್ವಾ, ಅಲ್ಲಿಗೆ 8.4 ವೋಲ್ಟ್‌ನ ಲೈಪೋ ಚುಚ್ಚೋಕೆ ಆಗಲೇಬಾರದು.