ಕಾರವಾರದ ಉಪ್ಪುಗಾಳಿಯಲ್ಲಿ ಉಕ್ಕಿನ ಗ್ರಾವೆಲ್ ಫ್ರೇಮ್: ಎರಡು ಮಳೆಗಾಲ ಕಳೆದ ಮೇಲೆ

ಜಲ್ಲಿ, ಮಣ್ಣಿನ ದಾರಿಗೂ ಒಗ್ಗುವ ಈ ಗ್ರಾವೆಲ್ ಸೈಕಲ್ಲಿನ ಫ್ರೇಮ್ ಕೊಂಡು ಎರಡು ವರ್ಷ ದಾಟಿತು. ಕೆಲಸ ಕಾರವಾರದಲ್ಲಿ, ಊರ ಮನೆ ಶಿರಸಿ ಹತ್ತಿರ. ಹಾಗಾಗಿ ಇದು ಸಮುದ್ರದ ಗಾಳಿಯನ್ನೂ ಕುಡಿದಿದೆ, ಘಟ್ಟದ ಮೇಲಿನ ಜಡಿಮಳೆಯನ್ನೂ ಕಂಡಿದೆ. ಹೊಸದರಲ್ಲೇ ಬರೆದಿದ್ದರೆ ಬರೀ ಹೊಗಳುತ್ತಿದ್ದೆ. ಈಗ ಹೇಳಬೇಕಾದ ಮಾತು ಇದು: ಈ ಫ್ರೇಮಿನ ಅಳತೆ ಹಾಕಿದವರಿಗೆ ಕೆಟ್ಟ ರಸ್ತೆ ಚೆನ್ನಾಗಿ ಗೊತ್ತು. ಮಳೆ ಗೊತ್ತಿಲ್ಲ.

ಕೊಳವೆಗಳು 4130 ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ) ಉಕ್ಕಿನವು. ಬೆಸುಗೆ ಬೀಳುವ ಎರಡೂ ತುದಿಯಲ್ಲಿ 0.8 ಮಿ.ಮೀ. ದಪ್ಪ, ನಡುವೆ 0.5. ಊರಲ್ಲಿ ಅಡಿಕೆ ತೂಗುವ ತಕ್ಕಡಿಗೆ ಹಾಕಿ ನೋಡಿದೆ, ಮುಂದಿನ ಚಕ್ರ ಹಿಡಿಯುವ ಫೋರ್ಕು ಸೇರಿ 3.6 ಕೆ.ಜಿ. ಹಗುರ ಅಂತೂ ಅಲ್ಲ. ಹಗುರದ್ದೇ ಬೇಕು ಅನ್ನುವವರು ಇಲ್ಲಿಗೇ ಬಿಡಬಹುದು.

ನನ್ನದು 54ರ ಸೈಜ್. ಸ್ಟ್ಯಾಕ್ (ಮುಂಭಾಗದ ಎತ್ತರ) 575, ರೀಚ್ (ಮುಂದಕ್ಕೆ ಚಾಚುವ ಉದ್ದ) 380, ಚೈನ್‌ಸ್ಟೇ (ಹಿಂದಿನ ಚಕ್ರಕ್ಕೆ ಹೋಗುವ ಕೊಳವೆ) 435, ಎರಡು ಚಕ್ರಗಳ ನಡುವಿನ ಅಂತರ 1033 ಮಿ.ಮೀ. ಆದರೆ ಮೊದಲು ನೋಡಬೇಕಾದದ್ದು ಹೆಡ್ ಟ್ಯೂಬಿನ, ಅಂದರೆ ಹ್ಯಾಂಡಲ್ ಕೂರುವ ಮುಂದಿನ ಕೊಳವೆಯ, ಕೋನ. ಇಲ್ಲಿ ಅದು 71 ಡಿಗ್ರಿ, ಫೋರ್ಕಿನ ಆಫ್‌ಸೆಟ್ (ಹ್ಯಾಂಡಲ್ ತಿರುಗುವ ಗೆರೆಗಿಂತ ಚಕ್ರದ ಅಚ್ಚು ಮುಂದಿರುವ ದೂರ) 50 ಮಿ.ಮೀ. 40 ಮಿ.ಮೀ. ಅಗಲದ ಟೈರ್ ಹಾಕಿ ಲೆಕ್ಕ ಮಾಡಿದರೆ ಟ್ರೇಲ್, ಅಂದರೆ ಹ್ಯಾಂಡಲ್ ತಿರುಗುವ ಗೆರೆ ನೆಲ ಮುಟ್ಟುವ ಜಾಗದಿಂದ ಟೈರ್ ನೆಲ ಮುಟ್ಟುವ ಜಾಗಕ್ಕೆ ಇರುವ ಅಂತರ, ಸುಮಾರು 68 ಮಿ.ಮೀ. ಬರುತ್ತದೆ. ನನ್ನ ಹಳೆಯ ರೋಡ್ ಬೈಕಿನಲ್ಲಿ ಕೋನ 73 ಇತ್ತು, ಟ್ರೇಲ್ 56ರ ಹತ್ತಿರ. ಕಾಗದದ ಮೇಲೆ ಹನ್ನೆರಡೇ ಮಿ.ಮೀ. ವ್ಯತ್ಯಾಸ. ದೇವಿಮನೆ ಘಟ್ಟ ಇಳಿಯುವಾಗ ಅದರ ಬೆಲೆ ತಿಳಿಯುತ್ತದೆ. ತಿರುವಿನಲ್ಲಿ ಡಾಂಬರು ಮುಗಿದು ದಿಢೀರನೆ ಜಲ್ಲಿ ಬಂದರೆ ಹಳೆಯ ಸೈಕಲ್ಲಿನ ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ ಆಗುತ್ತಿತ್ತು. ಇದರಲ್ಲಿ ಚಕ್ರ ಚೂರು ಜಾರಿದರೂ ತಾನಾಗಿ ನೇರಕ್ಕೆ ಬರುತ್ತದೆ. ಕೈ ಬಿಗಿ ಹಿಡಿಯಬಾರದು, ಅಷ್ಟೇ. ಅದೇ ಘಟ್ಟ ಹತ್ತುವಾಗ ಮಾತ್ರ ಬೇರೆ ಕಥೆ. ವೇಗ ಏಳೆಂಟು ಕಿಲೋಮೀಟರಿಗೆ ಇಳಿದರೆ ಮುಂದಿನ ಚಕ್ರ ಆಚೆ ಈಚೆ ಓಲಾಡುತ್ತದೆ. ಒಂದು ತಿಂಗಳು ಕಿರಿಕಿರಿ ಅನಿಸಿತು, ಆಮೇಲೆ ಮೈಗೆ ಒಗ್ಗಿತು.

ಬಾಟಮ್ ಬ್ರಾಕೆಟ್, ಅಂದರೆ ಪೆಡಲಿನ ತೋಳುಗಳು (ಕ್ರ್ಯಾಂಕ್) ತಿರುಗುವ ಬೇರಿಂಗಿನ ಜಾಗ, ಚಕ್ರದ ಅಚ್ಚಿಗಿಂತ 75 ಮಿ.ಮೀ. ಕೆಳಗಿದೆ. ಸೈಕಲ್ಲಿನ ಮೇಲಲ್ಲ, ಒಳಗೆ ಕೂತ ಹಾಗೆ ಅನಿಸುವುದು ಇದರಿಂದಲೇ. ಕದ್ರಾ ಕಡೆ ಕಾಳಿ ನದಿಯ ಪಕ್ಕದ ರಸ್ತೆಯಲ್ಲಿ ಎರಡು ಮೂರು ತಾಸು ತುಳಿದರೂ ಆ ನೆಮ್ಮದಿ ಹೋಗುವುದಿಲ್ಲ. ಆದರೆ 170 ಮಿ.ಮೀ. ಉದ್ದದ ಕ್ರ್ಯಾಂಕ್ ಕೆಳಗೆ ಬಂದಾಗ ಪೆಡಲಿನ ಅಚ್ಚಿಗೂ ನೆಲಕ್ಕೂ ಸುಮಾರು 106 ಮಿ.ಮೀ. ಮಾತ್ರ ಉಳಿಯುತ್ತದೆ. ನಮ್ಮ ತೋಟಕ್ಕೆ ಇಳಿಯುವ ದಾರಿಯಲ್ಲಿ ಚೀರೆಕಲ್ಲು ಮೆಟ್ಟಿಲಿನ ಹಾಗೆ ಎದ್ದಿದೆ. ಅಲ್ಲಿ ಎರಡು ಸಲ ಪೆಡಲ್ ಬಡಿದಿದೆ. ಅಂಥ ಕಡೆ ತುಳಿಯುವುದು ನಿಲ್ಲಿಸಿ, ಎರಡೂ ಪಾದ ಸಮಕ್ಕೆ ಇಟ್ಟುಕೊಂಡು ದಾಟಬೇಕು. ಇನ್ನೊಂದು: ನಿಧಾನವಾಗಿ ಪೂರ್ತಿ ತಿರುಗಿಸಿದರೆ ಬೂಟಿನ ತುದಿ ಮುಂದಿನ ಟೈರಿಗೆ ತಾಗುತ್ತದೆ. ಮಡ್‌ಗಾರ್ಡ್ ಹಾಕಿದರೆ ಇನ್ನೂ ಜಾಸ್ತಿ. ಚಿಕ್ಕ ಸೈಜ್ ಕೊಳ್ಳುವವರು ಇದನ್ನು ಖಂಡಿತ ಪರೀಕ್ಷೆ ಮಾಡಿ ನೋಡಿ.

ಉಕ್ಕು ಮೆತ್ತಗೆ, ಮೈ ನೋಯಿಸುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನೂ ನಂಬಿದ್ದೆ. ಆದರೆ ಟೈರಿನಲ್ಲಿ ಗಾಳಿ 50 ಪಿಎಸ್‌ಐ ತುಂಬಿಸಿ ಸದಾಶಿವಗಡದಿಂದ ಮಾಜಾಳಿಗೆ ಹೋಗಿ ಬನ್ನಿ, ಮೊಣಕೈ ಸತ್ಯ ಹೇಳುತ್ತದೆ. ನನ್ನ ತೂಕ 65 ಕೆ.ಜಿ. 43ರ ಟೈರಿಗೆ ಮುಂದೆ 32, ಹಿಂದೆ 35 ಇಟ್ಟ ಮೇಲೆಯೇ ಸುಖ ಸಿಕ್ಕಿದ್ದು. ಸುಖದ ಹೆಚ್ಚು ಪಾಲು ಟೈರಿನದ್ದು, ಉಳಿದದ್ದು ಸೀಟು ಹೊರುವ ಕೊಳವೆಯದ್ದು, ಅಂದರೆ 27.2 ಮಿ.ಮೀ.ನ ತೆಳು ಸೀಟ್‌ಪೋಸ್ಟಿನದ್ದು. ಇಂಥ ಅಗಲದ ಟೈರಿಗೆ ಜಾಗ ಬಿಟ್ಟಿರುವುದೇ ಫ್ರೇಮಿನ ದೊಡ್ಡ ಉಪಕಾರ.

ಇನ್ನು ನೀರಿನ ವಿಷಯ. ಮೊದಲ ಮಳೆಗಾಲದಲ್ಲಿ, ಜುಲೈ ಕೊನೆಗೆ, ತುಳಿಯುವಾಗ ಒಳಗೆ ಏನೋ ಗುಳುಗುಳು ಅಂದಿತು. ಸೀಟ್‌ಪೋಸ್ಟ್ ಎಳೆದೆ. ಬರಲಿಲ್ಲ. ಅದು ಅಲ್ಯೂಮಿನಿಯಂ, ಸುತ್ತ ಉಕ್ಕು, ನಡುವೆ ಉಪ್ಪುನೀರು ಸೇರಿದರೆ ಎರಡೂ ಕಚ್ಚಿಕೊಳ್ಳುತ್ತವೆ. ಎಣ್ಣೆ ಬಿಟ್ಟು, ಒಂದು ರಾತ್ರಿ ಕಾದು, ತಿರುಚಿ ತಿರುಚಿ ಕಿತ್ತೆ. ಆಮೇಲೆ ಫ್ರೇಮನ್ನು ತಲೆಕೆಳಗೆ ಹಿಡಿದರೆ ಅರ್ಧ ಲೋಟ ನೀರು ಸುರಿಯಿತು. ಹಾಲು ಹಾಕದ ಚಹಾದ ಬಣ್ಣ. ಬೆರಳಿಗೆ ತುಕ್ಕಿನ ಹುಡಿ ಹತ್ತಿತು. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಇಷ್ಟು ಚಂದದ ಬೆಸುಗೆ ಹಾಕಿದವರು ಬಾಟಮ್ ಬ್ರಾಕೆಟಿನ ಅಡಿಗೆ ಒಂದು ಸಣ್ಣ ತೂತು ಬಿಟ್ಟಿರಲಿಲ್ಲ!

ಬೈತಕೋಲದಲ್ಲಿ ಬೋಟು ರಿಪೇರಿ ಮಾಡುವ ವೆಲ್ಡರ್ ಒಬ್ಬರಿಗೆ ತೋರಿಸಿದೆ. ಟಾರ್ಚ್ ಬಿಟ್ಟು ಒಳಗೆ ನೋಡಿದರು. "ನೀರು ಹೊಕ್ಕೇ ಹೊಗ್ತದೆ ತಮ್ಮಾ. ಹೊರಗೆ ಬರೂಕೆ ದಾರಿ ಬೇಕಲ್ಲ" ಅಂದರು. ಒಳಗಿನ ತುಕ್ಕು ಇನ್ನೂ ಮೇಲ್ಮೇಲೆ ಇತ್ತು, ಲೋಹ ತಿಂದಿರಲಿಲ್ಲ. ಅವರೇ ಅಡಿಯಲ್ಲಿ 5 ಮಿ.ಮೀ. ತೂತು ಕೊರೆದು, ಅಂಚು ಉಜ್ಜಿ, ಪ್ರೈಮರ್ ಹಚ್ಚಿ ಕೊಟ್ಟರು. ಕಂಪನಿಯವರು ವಾರಂಟಿ ಹೋಯಿತು ಅಂದರು, ಹೋಗಲಿ. ಕಾರಿನ ಬಾಗಿಲೊಳಗೆ ಹೊಡೆಯುವ ಆಂಟಿ-ರಸ್ಟ್ ಮೇಣವನ್ನು ಪ್ರತಿ ಕೊಳವೆಗೂ ಹೊಡೆದೆ, ಫ್ರೇಮನ್ನು ಎಲ್ಲ ದಿಕ್ಕಿಗೂ ತಿರುಗಿಸಿ ಒಣಗಿಸಿದೆ. ಈಗ ಪ್ರತಿ ಮೇ ಕೊನೆಗೆ ಅದೇ ಕೆಲಸ. ಸೀಟ್‌ಪೋಸ್ಟನ್ನು ತಿಂಗಳಿಗೊಮ್ಮೆ ತೆಗೆದು ಗ್ರೀಸ್ ಹಚ್ಚುತ್ತೇನೆ. ಉಕ್ಕಿನ ಫ್ರೇಮ್ ತಗೊಂಡು ಕರಾವಳಿಯಲ್ಲಿ ಇರುವವರು ಇದನ್ನು ಮೊದಲ ದಿನವೇ ಮಾಡಿ, ತಡ ಮಾಡಬೇಡಿ.

ಬಾಟಮ್ ಬ್ರಾಕೆಟ್ ಮಾತ್ರ ತಿರುಗಿಸಿ ಹಾಕುವ ಥ್ರೆಡ್ಡಿನದ್ದು, ಒತ್ತಿ ಕೂರಿಸುವ ಪ್ರೆಸ್-ಫಿಟ್ ಅಲ್ಲ. ದೊಡ್ಡ ಪುಣ್ಯ. ಎರಡು ವರ್ಷದಲ್ಲಿ ಎರಡು ಸಲ ಬೇರಿಂಗ್ ಬದಲಿಸಿದೆ, ಎರಡೂ ಸಲ ಮನೆ ಜಗುಲಿಯಲ್ಲೇ. ಬಲಗಡೆಯದು ಉಲ್ಟಾ ಥ್ರೆಡ್, ನೆನಪಿರಲಿ. ಕೇಬಲ್ಲುಗಳೂ ಹೊರಗೇ ಓಡುತ್ತವೆ, ಅರ್ಧ ಗಂಟೆಯಲ್ಲಿ ಬದಲಿಸಬಹುದು. ಮಡ್‌ಗಾರ್ಡ್ ಹಾಕಿದರೆ 40ಕ್ಕಿಂತ ಅಗಲದ ಟೈರ್ ಬೇಡ, ಕೆಂಪು ಮಣ್ಣು ಮೆತ್ತಿ ಚಕ್ರ ನಿಂತೇ ಬಿಡುತ್ತದೆ.

ಈಗ ಮೂರನೇ ಮಳೆಗಾಲ. ಹೋದ ವಾರ ಶಿರಸಿಯಿಂದ ನೆನೆದುಕೊಂಡು ಬಂದು, ಸೈಕಲ್ಲನ್ನು ಜಗುಲಿಯಲ್ಲಿ ನಿಲ್ಲಿಸಿ, ತೂತಿನ ಕೆಳಗೆ ಹಳೆಯ ಪೇಪರ್ ಹಾಸಿಟ್ಟೆ. ಬೆಳಿಗ್ಗೆ ನೋಡಿದರೆ ಅಂಗೈ ಅಗಲ ಒದ್ದೆ. ತುಕ್ಕಿನ ಬಣ್ಣ ಇರಲಿಲ್ಲ.