ಒರಾಕಲ್ ಪಾರ್ಕ್‌ಗೆ ಐದು ಸ್ಟಾರ್, ಅಲ್ಲಿ ಆಡೋ ಜೈಂಟ್ಸ್‌ಗೆ ಎರಡೂವರೆ

ಸ್ಯಾನ್ ಫ್ರಾನ್ಸಿಸ್ಕೋದ ಒರಾಕಲ್ ಪಾರ್ಕಲ್ಲಿ ಬೇಸ್‌ಬಾಲ್ ಮ್ಯಾಚ್ ನೋಡೋಕೆ ಹೋಗ್ಬೋದಾ, ದುಡ್ಡು ದಂಡ ಆಗಲ್ವಾ ಅಂತ ಬೇ ಏರಿಯಾಗೆ ಹೊಸದಾಗಿ ಬಂದಿರೋ ನಮ್ಮೋರು ಕೇಳ್ತಾನೇ ಇರ್ತಾರೆ, ಒಬ್ಬೊಬ್ರಿಗೂ ಹೇಳೋ ಬದ್ಲು ಒಂದೇ ಸಲ ಬರೆದುಬಿಡ್ತೀನಿ. ಜಾಗಕ್ಕೆ ಐದಕ್ಕೆ ಐದು. ಅಲ್ಲಿ ಆಡೋ ಟೀಮ್‌ಗೆ, ಅಂದ್ರೆ ನಮ್ಮ ಜೈಂಟ್ಸ್‌ಗೆ, ಎರಡೂವರೆ, ಅದೂ ಪ್ರೀತಿಗೆ ಕೊಡ್ತಿರೋದು. ಈ ಎರಡು ಮಾರ್ಕ್ಸ್‌ಗೂ ಒಂದಕ್ಕೊಂದು ಸಂಬಂಧ ಇದೆ ಅನ್ನೋದು ನನ್ನ ಗುಮಾನಿ, ಅದನ್ನ ಆಮೇಲೆ ಹೇಳ್ತೀನಿ.

ಮೊದ್ಲು ಹೋಗೋ ದಾರಿ. ಕಾರ್ ತಗೊಂಡ್ ಹೋಗ್ಬೇಡಿ, ಅಷ್ಟೇ. ಸೌತ್ ಬೇ ಕಡೆಯಿಂದ ಕ್ಯಾಲ್‌ಟ್ರೇನ್ ಹತ್ತಿ, 2024ರ ಸೆಪ್ಟೆಂಬರಿಂದ ಕರೆಂಟ್ ಟ್ರೇನ್ ಬಂದಿದೆ, ಸದ್ದಿಲ್ಲ, ಬೇಗ ಹೋಗುತ್ತೆ. ಕೊನೇ ಸ್ಟೇಷನ್ ಫೋರ್ತ್ ಅಂಡ್ ಕಿಂಗ್‌ನಲ್ಲಿ ಇಳಿದು ಆರೆಂಜ್-ಕಪ್ಪು ಟೋಪಿ ಹಾಕ್ಕೊಂಡಿರೋರ ಹಿಂದೆ ನಡೆದ್ರೆ ಆಯ್ತು, ಮ್ಯಾಪ್ ಬೇಡ. ಮಿಲ್‌ಬ್ರೇ ದಾಟೋ ಹೊತ್ತಿಗೆ ಟ್ರೇನೇ ಅರ್ಧ ಸ್ಟೇಡಿಯಂ ಆಗಿರುತ್ತೆ.

ಊಟದ ವಿಷ್ಯ ನಮ್ಮೋರಿಗೆ ಯಾರೂ ಹೇಳಲ್ಲ ಅದಕ್ಕೇ ಒತ್ತಿ ಹೇಳ್ತಿದೀನಿ, ಈ ಪಾರ್ಕಲ್ಲಿ ಹೊರಗಿನ ತಿಂಡಿ ಒಳಗೆ ಬಿಡ್ತಾರೆ! ಗಾಜಿನ ಬಾಟ್ಲಿ, ಕ್ಯಾನು, ಎಣ್ಣೆ ಇದ್ಯಾವ್ದೂ ಇಲ್ಲ, ಆದ್ರೆ ಡಬ್ಬಿಲಿ ಪುಳಿಯೋಗರೆ, ಸೀಲ್ ಮಾಡಿರೋ ನೀರಿನ ಪ್ಲಾಸ್ಟಿಕ್ ಬಾಟ್ಲಿ ಎಲ್ಲಾ ಓಕೆ. ಬ್ಯಾಗ್ ಮಾತ್ರ 16 ಇಂಚಿಗಿಂತ ದೊಡ್ಡದಿರಬಾರ್ದು. ನಮ್ಮನೇಲಿ ಚಿತ್ರಾನ್ನಕ್ಕಿಂತ ಪುಳಿಯೋಗರೇನೇ, ಯಾಕಂದ್ರೆ ಆರಿದ್ರೂ ರುಚಿ ಕೆಡಲ್ಲ, ಮತ್ತೆ ಏಳನೇ ಇನ್ನಿಂಗ್ಸ್ (ಮ್ಯಾಚ್‌ಗೆ ಒಂಬತ್ತು ಇರುತ್ತೆ) ಹೊತ್ತಿಗೆ ಆ ಕಡಲಗಾಳಿಗೆ ಎಲ್ಲಾ ಆರಿ ಅಕ್ಷತೆ ಆಗಿರುತ್ತೆ. ಆದ್ರೂ ಒಂದು ಪ್ಲೇಟ್ ಗಾರ್ಲಿಕ್ ಫ್ರೈಸ್ ತಗೊಳ್ಳಿ, ಹೆಚ್ಚಿದ ಬೆಳ್ಳುಳ್ಳಿ ಮೇಲೆ ಸುರಿದಿರ್ತಾರೆ, ಬೆಳ್ಳುಳ್ಳಿಗೆ ಹೆಸರಾದ ಗಿಲ್ರಾಯ್ ಊರು ಇಲ್ಲೇ ದಕ್ಷಿಣಕ್ಕಿದೆ. ಮಾರನೇ ದಿನ ಆಫೀಸ್ ಮೀಟಿಂಗಲ್ಲಿ ಪಕ್ಕದೋರು ಸ್ವಲ್ಪ ದೂರ ಕೂರ್ತಾರೆ ಅಂತ ಗೊತ್ತಿದ್ದೇ ತಿನ್ನಿ.

ಸೀಟು ಮೇಲಿನ ಡೆಕ್ಕೇ ಸಾಕು. ಹೋಮ್ ಪ್ಲೇಟ್, ಅಂದ್ರೆ ಬ್ಯಾಟರ್ ನಿಲ್ಲೋ ಜಾಗದ ಹಿಂದೆ ಮೇಲುಗಡೆ ಕೂತ್ರೆ ಮೈದಾನ, ಅದರಾಚೆ ನೀರು, ಬೇ ಬ್ರಿಡ್ಜು, ಹಾಯಿದೋಣಿ ಎಲ್ಲಾ ಒಂದೇ ನೋಟಕ್ಕೆ. ಜುಲೈ ಅಂತ ಟೀ ಶರ್ಟಲ್ಲಿ ಹೋಗ್ಬೇಡಿ, ರಾತ್ರಿ ಮ್ಯಾಚ್‌ಗೆ ಸ್ವೆಟರ್, ಮೇಲೊಂದು ಜಾಕೆಟ್, ಅಮ್ಮ-ಅತ್ತೆ ಬಂದಿದ್ರೆ ಅವ್ರಿಗೆ ಮಂಕಿ ಕ್ಯಾಪ್, ನಾಚಿಕೆ ಬೇಡ, ಯಾರೂ ನೋಡಲ್ಲ. ಕೊನೇ ಇನ್ನಿಂಗ್ಸ್‌ಗಳಲ್ಲಿ ಸೀಗಲ್ ಹಕ್ಕಿಗಳು ದಂಡು ದಂಡಾಗಿ ಬಂದು ಸುತ್ತೋಕೆ ಶುರು ಮಾಡ್ತವೆ, ಬಿದ್ದಿರೋ ಫ್ರೈಸ್‌ಗೆ ಬರೋದು, ಮ್ಯಾಚ್ ಮುಗಿಯೋ ಟೈಮ್ ಅವಕ್ಕೆ ಹೆಂಗೆ ಗೊತ್ತಾಗುತ್ತೋ ದೇವ್ರಿಗೇ ಗೊತ್ತು.

ಟಿಕೆಟ್ ರೇಟು ದಿನದಿನಕ್ಕೂ ಬೇರೆ. ಎದುರಾಳಿ ಯಾರು, ಯಾವ ವಾರ, ಬೇಡಿಕೆ ಎಷ್ಟು ಅಂತ ನೋಡಿ ಬದಲಾಯಿಸೋ ಪದ್ಧತೀನ 2010ರಲ್ಲಿ ಪೂರ್ತಿ ಸ್ಟೇಡಿಯಂಗೆ ತಂದೋರೇ ಈ ಜೈಂಟ್ಸ್. ಹಾಗಾಗಿ ನಮ್ಮ ಬದ್ಧವೈರಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಬರೋ ಶನಿವಾರ ಬಿಟ್ಟು, ಸೋತು ಸುಣ್ಣ ಆಗಿರೋ ಟೀಮ್ ಯಾವ್ದಾದ್ರೂ ಬರೋ ಮಂಗಳವಾರ ನೋಡಿ, ಅದೇ ಸೀಟು ಸಿಕ್ಕಾಪಟ್ಟೆ ಕಮ್ಮಿಗೆ ಸಿಗುತ್ತೆ. ಮರುಮಾರಾಟದ ಆಪ್‌ಗಳಲ್ಲಿ ಕಡೇ ಪೇಜ್‌ವರೆಗೂ ಹೋಗಿ ಫೀಸೆಲ್ಲಾ ಸೇರಿ ಎಷ್ಟಾಯ್ತು ಅಂತ ನೋಡಿಯೇ ಒತ್ತಿ, ಒಂದು ಆಪ್ ನನಗೆ ಚೆನ್ನಾಗಿ ನಾಮ ಹಾಕಿದೆ.

ವೀಕ್‌ಡೇ ಹೋಗೋದು ಮುಂಚೆ ಕಷ್ಟ ಇತ್ತು, ಮ್ಯಾಚ್ ಯಾವಾಗ ಮುಗಿಯುತ್ತೆ ಅಂತಾನೇ ಹೇಳಕ್ಕಾಗ್ತಿರ್ಲಿಲ್ಲ. 2023ರಲ್ಲಿ ಪಿಚ್ ಕ್ಲಾಕ್ ಬಂತು, ಬೇಸ್‌ಗಳಲ್ಲಿ (ಬ್ಯಾಟರ್‌ಗಳು ಓಡಿ ನಿಲ್ಲೋ ಜಾಗ) ಯಾರೂ ಇಲ್ದಿದ್ರೆ 15 ಸೆಕೆಂಡಲ್ಲಿ ಪಿಚ್ಚರ್ ಬಾಲ್ ಎಸೀಲೇಬೇಕು, ಗ್ಲೌಸ್ ಸರಿ ಮಾಡ್ಕೊಳ್ಳೋದು, ಆಕಾಶ ನೋಡೋದು ಎಲ್ಲಾ ಬಂದ್. ಸರಾಸರಿ ಮ್ಯಾಚ್ ಹಿಂದಿನ ವರ್ಷ 3 ಗಂಟೆ ದಾಟ್ತಿದ್ದಿದ್ದು ಒಂದೇ ಸಲಕ್ಕೆ 2 ಗಂಟೆ 40 ನಿಮಿಷಕ್ಕೆ ಇಳೀತು. ನಮ್ಮಂಥ ಸಂಸಾರಸ್ಥರಿಗೆ ಇದಕ್ಕಿಂತ ದೊಡ್ಡ ರೂಲ್ ಇಲ್ಲ ರೀ, 6:45ಕ್ಕೆ ಶುರುವಾದ್ರೆ ಒಂಬತ್ತೂವರೆಗೆಲ್ಲಾ ಎದ್ದು ಟ್ರೇನ್ ಹಿಡೀಬೋದು, ಮಕ್ಳು ಸೀಟಲ್ಲೇ ನಿದ್ದೆ ಮಾಡ್ಕೊಂಡ್ ಬರ್ತವೆ, ಬೆಳಿಗ್ಗೆ ಸ್ಕೂಲು ತಪ್ಪಲ್ಲ.

ಇನ್ನು ಟೀಮು. ಈ ಮೈದಾನದ ಬಲಗಡೆ ಗೋಡೆ ಗೊತ್ತಿಲ್ದೆ ಈ ಟೀಮ್ ಅರ್ಥ ಆಗಲ್ಲ. ಬಲ ಮೂಲೆಗೆ ಬರೀ 309 ಅಡಿ, ಎಡಗೈ ಬ್ಯಾಟರ್‌ಗೆ ಲಾಟ್ರಿ ಅನ್ಸುತ್ತೆ, ಆದ್ರೆ ಗೋಡೆ 24 ಅಡಿ ಎತ್ತರ (ಜೈಂಟ್ಸ್‌ನ ಹಳೇ ದಿಗ್ಗಜ ವಿಲ್ಲಿ ಮೇಸ್ ಅವರ ಜರ್ಸಿ ನಂಬರ್ 24, ಅವರ ಗೌರವಕ್ಕೆ), ಮೂಲೆ ಬಿಟ್ಟು ಒಳಗೆ ಬಂದ್ರೆ ಗೋಡೆ ದೂರ ದೂರ ಓಡುತ್ತೆ, ಮೇಲಿಂದ ಕಡಲಿನ ತಣ್ಣನೆ ಭಾರದ ಗಾಳಿ ಬೇರೆ. ನಮ್ಮ ಹಳೇ ಸ್ಟಾರ್ ಬ್ಯಾಟರ್ ಬ್ಯಾರಿ ಬಾಂಡ್ಸ್‌ಗೆ ಮಾತ್ರ ಇದ್ಯಾವ್ದೂ ಲೆಕ್ಕಕ್ಕಿರ್ಲಿಲ್ಲ, ಆಚೆಗೆ ನೀರಿಗೇ ಹೊಡೀತಿದ್ದ, ಉಳಿದೋರಿಗೆ ಅದು ಹೋಮ್ ರನ್ (ಕ್ರಿಕೆಟ್ ಸಿಕ್ಸರ್ ತರ, ಗೋಡೆ ದಾಟೋ ಹೊಡೆತ) ನುಂಗೋ ಜಾಗ. ಬಲಗೈ ಜೈಂಟ್ಸ್ ಬ್ಯಾಟರ್ ಒಬ್ಬ ಆ ನೀರಿಗೆ ಮೊದಲ ಸಲ ಹೊಡೆದಿದ್ದು 2024ರ ಸೆಪ್ಟೆಂಬರಲ್ಲಿ, ಹೀಲಿಯಟ್ ರಾಮೋಸ್, ಪಾರ್ಕ್ ಶುರುವಾಗಿ 24 ವರ್ಷ ಆದ್ಮೇಲೆ! 2004ರ ಬಾಂಡ್ಸ್ ನಂತರ ಒಂದೇ ಸೀಸನ್‌ನಲ್ಲಿ ಜೈಂಟ್ಸ್‌ಗೆ 30 ಹೋಮ್ ರನ್ ಹೊಡೆದೋರೇ ಇರ್ಲಿಲ್ಲ, 2025ರ ಸೀಸನ್ ಕೊನೇ ದಿನ ವಿಲ್ಲಿ ಅಡಾಮೆಸ್ ಮುಟ್ಟಿಸ್ದ.

ಅದೇ ಗೋಡೆ ಒಮ್ಮೊಮ್ಮೆ ವರಾನೂ ಕೊಡುತ್ತೆ. 2025ರ ಜುಲೈ 8, ಫಿಲಡೆಲ್ಫಿಯಾದ ಫಿಲ್ಲೀಸ್ ಜೊತೆ, ಒಂಬತ್ತನೇ ಇನ್ನಿಂಗ್ಸ್, 3-1 ಹಿಂದೆ, ಇಬ್ಬರು ಬೇಸ್ ಮೇಲೆ. ನಮ್ಮ ಕ್ಯಾಚರ್ (ವಿಕೆಟ್ ಕೀಪರ್ ತರ) ಪ್ಯಾಟ್ರಿಕ್ ಬೈಲಿ ಹೊಡೆದ ಚೆಂಡು ಗೋಡೆಯ ಇಟ್ಟಿಗೆ ಕಮಾನಿಗೆ ಬಡಿದು ವಕ್ರವಾಗಿ ಸಿಡಿದು ಸೆಂಟರ್ ಕಡೆ ಉರುಳ್ಕೊಂಡ್ ಹೋಯ್ತು, ಫೀಲ್ಡರ್ ಅದರ ಹಿಂದೆ, ಈಕಡೆ ಬೈಲಿ ಓಡ್ತಾನೇ ಇದಾನೆ, ಕ್ಯಾಚರ್‌ಗಳು ಅಂದ್ರೆ ದಿನಾ ಕುಕ್ಕರಗಾಲಲ್ಲಿ ಕೂತು ಮಂಡಿ ಸವೆದಿರೋ ಜನ, ಆದ್ರೂ ನಾಲ್ಕೂ ಬೇಸ್ ಸುತ್ತಿ ಹೋಮ್ ಪ್ಲೇಟ್ ಮುಟ್ಟಿದ. ಚೆಂಡು ಮೈದಾನ ದಾಟದೇನೇ ಹೋಮ್ ರನ್, ಅದೂ ಗೆಲ್ಲಿಸೋ ಹೋಮ್ ರನ್, 4-3.

ಇಂಥ ಜಾಗದಲ್ಲಿ ಗೆಲ್ಲೋಕೆ ಏನ್ ಬೇಕು ಅನ್ನೋದೇ ವರ್ಷಾನುಗಟ್ಲೆ ನಡೀತಿರೋ ಜಗಳ. ಮ್ಯಾನೇಜರ್ ಬ್ರೂಸ್ ಬೋಚಿ ಕಾಲದಲ್ಲಿ 2010, 2012, 2014 ಮೂರು ಕಪ್ ಬಂತು, ಗಟ್ಟಿ ಪಿಚಿಂಗು, ಒಳ್ಳೆ ಫೀಲ್ಡಿಂಗು, ಬಸ್ಟರ್ ಪೋಸಿ ಅನ್ನೋ ಕ್ಯಾಚರ್ರು. ಆಮೇಲೆ ಟೀಮ್ ಕಟ್ಟೋ ಬಾಸ್ ಆಗಿ ಫರ್ಹಾನ್ ಜೈದಿ ಬಂದ್ರು, ಲೆಕ್ಕದ ಮನುಷ್ಯ. ಅವ್ರ ದಾರಿ ಪ್ಲಟೂನ್, ಎದುರು ಬಲಗೈ ಪಿಚ್ಚರ್ ಇದ್ರೆ ಎಡಗೈ ಬ್ಯಾಟರ್, ಅವನು ಎಡಗೈ ಪಿಚ್ಚರ್ ತಂದ ತಕ್ಷಣ ಬೆಂಚಿಂದ ಬಲಗೈ ಬ್ಯಾಟರ್. ಎಡಗೈ ಬ್ಯಾಟ್ಸ್‌ಮನ್ ಬಂದ ಅಂತ ಆಫ್ ಸ್ಪಿನ್ನರ್ ಕೈಗೆ ಬಾಲ್ ಕೊಡೋ ಲೆಕ್ಕಾಚಾರಾನೇ, ಆದ್ರೆ ಬೇಸ್‌ಬಾಲಲ್ಲಿ ಹೊರಗೆ ಹೋದೋನು ಆ ಮ್ಯಾಚ್‌ಗೆ ವಾಪಸ್ ಬರೋಹಂಗಿಲ್ಲ, ಅದೇ ಮಜಾ. 2020ರಿಂದ ಒಂದು ರೂಲ್ ಬಂದಿತ್ತು, ಹೊಸ ಪಿಚ್ಚರ್ ಬಂದ್ರೆ ಕನಿಷ್ಠ ಮೂರು ಬ್ಯಾಟರ್‌ಗಾದ್ರೂ, ಇಲ್ಲಾ ಇನ್ನಿಂಗ್ಸ್ ಮುಗಿಯೋವರೆಗಾದ್ರೂ ಹಾಕ್ಬೇಕು ಅಂತ, ಅಂದ್ರೆ ನೀವು ಬ್ಯಾಟರ್ ಬದಲಾಯಿಸಿದ್ರೆ ಎದುರಾಳಿ ಕೂಡ್ಲೇ ಪಿಚ್ಚರ್ ಬದಲಾಯಿಸಿ ತಿರುಗೇಟು ಕೊಡಕ್ಕಾಗಲ್ಲ. ಇದನ್ನ ಚೆನ್ನಾಗಿ ಹಿಂಡ್ಕೊಂಡ್ರು. 2021ರಲ್ಲಿ 107 ಗೆಲುವು, ಬೆಂಚಿಂದ ಬಂದೋರೇ 18 ಹೋಮ್ ರನ್ ಹೊಡೆದ್ರು, ಅದು ಲೀಗ್ ದಾಖಲೆ. 106 ಗೆದ್ದ ಡಾಡ್ಜರ್ಸ್ ಎರಡನೇ ಸ್ಥಾನ! ಆದ್ರೆ ಪ್ಲೇಆಫಲ್ಲಿ ಅದೇ ಡಾಡ್ಜರ್ಸ್ ಕೈಲಿ ಸರಣಿಯ ಐದನೇ, ಕೊನೇ ಮ್ಯಾಚು 2-1 ಸೋತು ಮನೆಗೆ, ಕೊನೇ ಔಟು ವಿಲ್ಮರ್ ಫ್ಲೋರೆಸ್ ಬ್ಯಾಟ್ ಬೀಸಿದ್ನೋ ತಡೆದ್ನೋ ಅನ್ನೋ ಅಂಪೈರ್ ತೀರ್ಮಾನದ ಮೇಲೆ. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ಆ ವಿಡಿಯೋ ನಾನು ಇವತ್ತಿಗೂ ಪೂರ್ತಿ ನೋಡಲ್ಲ.

ಆಮೇಲಿನ ಕಥೆ ನೋಡಿ. 2022ರಲ್ಲಿ 81 ಗೆಲುವು 81 ಸೋಲು. 2023, 79 ಗೆಲುವು. 2024, 80. 2025, ಮತ್ತೆ 81-81. ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ, ಆಕಡೆನೂ ಇಲ್ಲ ಈಕಡೆನೂ ಇಲ್ಲ. ಪ್ಲಟೂನ್ ಕೆಟ್ಟದ್ದಲ್ಲ ರೀ, ಆದ್ರೆ ಎರಡೂ ಕಡೆ ನಿಜವಾಗ್ಲೂ ಹೊಡೆಯೋರು ಇದ್ರೆ ಮಾತ್ರ ನಡೆಯುತ್ತೆ, 2021ರಲ್ಲಿ ಪೋಸಿ, ಕ್ರಾಫರ್ಡ್, ಬೆಲ್ಟ್ ತರದ ಹಳೇ ಹುಲಿಗಳು ಮಧ್ಯ ಕಂಬದಂಗೆ ನಿಂತಿದ್ರು, ಸುತ್ತ ಉಳಿದೋರನ್ನ ತಿರುಗಿಸ್ತಿದ್ರು. ಕಂಬ ಹೋದ್ಮೇಲೆ ಚಪ್ಪರ ಎಲ್ಲಿ ನಿಲ್ಲುತ್ತೆ.

ನಮ್ಮಪ್ಪ ಮೈಸೂರಿಂದ ಬಂದಾಗ ಕರ್ಕೊಂಡ್ ಹೋಗಿದ್ದೆ. ಮೂರು ಇನ್ನಿಂಗ್ಸ್ "ಹೊಡೆದ್ರೂ ಔಟು, ಹೊಡೀದಿದ್ರೂ ಔಟು, ಏನೋ ಇದು" ಅಂತ ಗೊಣಗಿದ್ರು, ಆಮೇಲೆ ಸುಮ್ನಾದ್ರು. ಐದನೇ ಇನ್ನಿಂಗ್ಸ್ ಮುಗಿದ್ಮೇಲೆ ಚೆನ್ನಾಗಿ ಎಸೀತಿದ್ದ ಪಿಚ್ಚರ್‌ನ ತೆಗೆದ್ರು ನೋಡಿ, ಅಪ್ಪ ಎದ್ದು ನಿಂತ್ರು. "ಚೆನ್ನಾಗಿ ಹಾಕ್ತಿರೋನ್ನ ಯಾಕೋ ತೆಗೀತಾರೆ? ಇವ್ರಿಗೇನ್ ತಲೆ ಕೆಟ್ಟಿದ್ಯಾ?" ಅಪ್ಪಾ, ಅದೇ ಬ್ಯಾಟರ್‌ಗಳು ಮೂರನೇ ಸಲ ಬಂದ್ರೆ ಇವನ ಬಾಲ್ ಅಷ್ಟೊತ್ತಿಗೆ ಓದ್ಕೊಂಡಿರ್ತಾರೆ, ಜಾಸ್ತಿ ಹೊಡೀತಾರೆ, ಅಂಕಿಅಂಶ ಹಂಗೇ ಹೇಳುತ್ತೆ ಅಂದೆ. "ಅಂಕಿಅಂಶ ಇವತ್ತು ಬಾಲ್ ಹಾಕ್ತಿದ್ಯೇನೋ?" ಅಂದ್ಬಿಟ್ರು. ಮುಂದಿನ ಸಾಲಲ್ಲಿದ್ದ ಬಿಳೀ ಕೂದಲಿನ ಅಜ್ಜನೂ ಅದೇ ಸಿಟ್ಟಲ್ಲಿ ಕೈ ಎತ್ತಿ ಬಡಬಡಿಸ್ತಿದ್ದ, ಇಬ್ರಿಗೂ ಭಾಷೆ ಬೇರೆ, ಬೈಗುಳ ಒಂದೇ. ನನ್ನ ಪ್ರಕಾರ ಅಪ್ಪನ ಮಾತು ಅರ್ಧ ಸರಿ. ಸಾಧಾರಣ ಪಿಚ್ಚರ್‌ಗೆ ಆ ಲೆಕ್ಕ ಸರಿ, ಲೋಗನ್ ವೆಬ್ ತರದೋನಿಗೆ ತಪ್ಪು, 2023ರಿಂದ ಮೂರು ಸೀಸನ್ ಸಾಲಾಗಿ 200ಕ್ಕೂ ಹೆಚ್ಚು ಇನ್ನಿಂಗ್ಸ್ ಎಸೆದಿರೋ ಗಂಡು ಅವನು. 2014ರ ಫೈನಲ್ ಸರಣಿಯ ಏಳನೇ ಮ್ಯಾಚಲ್ಲಿ ನಮ್ಮ ಪಿಚ್ಚರ್ ಬಮ್‌ಗಾರ್ನರ್ ಕೊನೇ ಐದು ಇನ್ನಿಂಗ್ಸ್ ಒಬ್ನೇ ಹಾಕಿ ಕಪ್ ಗೆಲ್ಸಿದ, ಅದನ್ನ ಯಾವ ಕಂಪ್ಯೂಟರ್ ಹೇಳಿತ್ತು?

ಟೀಮ್ ಸ್ಟ್ರಾಟಜಿ ಅನ್ನೋದು ಮನೆಗೂ ಬರುತ್ತೆ. ಮಗಳು ಜರ್ಸಿ ಕೇಳಿದ್ಲು, ಯಾರ ಹೆಸರಿಂದು ತಗೊಳ್ಳೋದು? ಇವತ್ತು ಆಡಿದೋನು ನಾಳೆ ಬೆಂಚಲ್ಲಿ, ನಾಡಿದ್ದು ಸ್ಯಾಕ್ರಮೆಂಟೋದ ರಿವರ್ ಕ್ಯಾಟ್ಸ್‌ಗೆ, ಅಂದ್ರೆ ಕೆಳಗಿನ ಟೀಮ್‌ಗೆ, ಮುಂದಿನ ತಿಂಗಳು ಇನ್ಯಾವ್ದೋ ಊರಿಗೆ ಟ್ರೇಡ್. ಕೊನೆಗೆ ವೆಬ್‌ದೇ ತಗೊಂಡ್ವಿ. ಮಕ್ಳಿಗೆ ದಿನಾ ಕಾಣೋ ಮುಖ ಬೇಕು, ವರ್ಷಕ್ಕೆ 162 ಮ್ಯಾಚ್ ಇರೋ ಆಟ ಇದು, ಹಬ್ಬ ಅಲ್ಲ, ದಿನಾ ಸಂಜೆ ಅಡಿಗೆ ಮಾಡುವಾಗ ರೇಡಿಯೋದಲ್ಲಿ ಕಾಮೆಂಟೇಟರ್ ಜಾನ್ ಮಿಲ್ಲರ್ ಧ್ವನಿ ಕೇಳ್ತಾ ಒಗ್ಗರಣೆ ಹಾಕೋ ಆಟ.

2024ರ ಕೊನೇಲಿ ಜೈದಿ ಹೋಗಿ ಅದೇ ಬಸ್ಟರ್ ಪೋಸಿನ ಬಾಸ್ ಮಾಡಿದ್ರು, ಅವ್ರಿಗೆ ಈ ವಿಷ್ಯ ಗೊತ್ತು ಅನ್ಸುತ್ತೆ, ಅಡಾಮೆಸ್‌ಗೆ ಏಳು ವರ್ಷ 182 ಮಿಲಿಯನ್ ಡಾಲರ್, 2025ರ ಜೂನಲ್ಲಿ ಬಾಸ್ಟನ್ನಿಂದ ರಾಫೆಲ್ ಡೆವರ್ಸ್‌ನ ತಂದ್ರು, ದಿನಾ ಆಡೋ ಮುಖಗಳು. ನಾನಂತೂ ಈ ಸಲ ಕಪ್ ನಮ್ದೇ ಅಂತ ಶುರು ಹಚ್ಕೊಂಡೆ. ಒಂದೂವರೆ ತಿಂಗಳಲ್ಲಿ ಕುಸಿದು, ಜುಲೈ ಕೊನೇಲಿ ಒಳ್ಳೊಳ್ಳೆ ಬುಲ್‌ಪೆನ್ ಪಿಚ್ಚರ್‌ಗಳನ್ನ (ಮ್ಯಾಚ್ ಮಧ್ಯೆ ಬಂದು ಎಸೆಯೋರು) ಮಾರಿದ್ರು, ಆ ಬೇಸಿಗೇಲೇ ಮುಂದಿನ ವರ್ಷಕ್ಕೂ ಇರ್ಲಿ ಅಂದಿದ್ದ ಮ್ಯಾನೇಜರ್ ಬಾಬ್ ಮೆಲ್ವಿನ್ನ ಸೀಸನ್ ಮುಗಿದ ಬೆನ್ನಲ್ಲೇ ತೆಗೆದ್ರು. ಆಮೇಲೆ ಟೆನೆಸ್ಸೀ ಯೂನಿವರ್ಸಿಟಿ ಕೋಚ್ ಟೋನಿ ವಿಟೆಲ್ಲೋನ ತಂದ್ರು, ಪ್ರೊ ಬೇಸ್‌ಬಾಲಲ್ಲಿ ಕೋಚಿಂಗ್ ಅನುಭವಾನೇ ಇಲ್ಲದೆ ಕಾಲೇಜಿಂದ ಸೀದಾ ಮೇಜರ್ ಲೀಗ್ ಮ್ಯಾನೇಜರ್. ಧೈರ್ಯ ಮೆಚ್ಬೇಕು, ನಂಬಿಕೆ ಸಾಲ ಕೊಡ್ತೀನಿ, ಬಡ್ಡಿ ಸಮೇತ ವಾಪಸ್ ಬೇಕು.

ಈಗ ಆ ಗುಮಾನಿ. ಜಾಗ ಇಷ್ಟು ಚೆನ್ನಾಗಿರೋದೇ ಟೀಮ್‌ಗೆ ಶಾಪ ಅಂತ ನನ್ನ ಲೆಕ್ಕ. ಸೋತ್ರೂ ಜನ ಬರ್ತಾರೆ, ನೀರು ನೋಡ್ತಾರೆ, ಫ್ರೈಸ್ ತಿಂತಾರೆ, ಸೆಲ್ಫಿ ತಗೋತಾರೆ, ಖುಷಿಯಾಗಿ ಹೋಗ್ತಾರೆ. 2010ರಿಂದ 2017ರವರೆಗೆ ಸಾಲಾಗಿ 530 ಮ್ಯಾಚ್ ಹೌಸ್‌ಫುಲ್ ಆಗಿದ್ವು, ಕೊನೇ ಎರಡು ವರ್ಷ ಕಪ್ ಗಿಪ್ ಏನೂ ಇರ್ಲಿಲ್ಲ. ಕೊಲ್ಲಿಯ ಆಚೆ ದಡ ನೋಡಿ, ಓಕ್ಲೆಂಡಲ್ಲಿ ಕೊಲಿಸಿಯಂ ಹಳೇ ಕಾಂಕ್ರೀಟು, ಅಲ್ಲಿ ಅವ್ರ ಬೇಸ್‌ಬಾಲ್ ಟೀಮು ಅಥ್ಲೆಟಿಕ್ಸೇ ಊರು ಬಿಟ್ಟು 2025ಕ್ಕೆ ಸ್ಯಾಕ್ರಮೆಂಟೋಗೆ ಹೋಯ್ತು, ಅದೇ ಬೇಸಿಗೇಲಿ ಆ ಮೈದಾನದಲ್ಲಿ ನಮ್ಮ ಕ್ರಿಕೆಟ್ಟೇ ಬಂತು, ಸ್ಯಾನ್ ಫ್ರಾನ್ಸಿಸ್ಕೋದ ಕ್ರಿಕೆಟ್ ಟೀಮ್ ಯೂನಿಕಾರ್ನ್ಸ್‌ಗೆ ಫಿನ್ ಆಲೆನ್ 19 ಸಿಕ್ಸ್ ಹೊಡೆದು 151 ಮಾಡಿದ. ಬೇಸ್‌ಬಾಲ್ ಹೋದ ಜಾಗದಲ್ಲಿ ಕ್ರಿಕೆಟ್, ನಗ್ಬೇಕೋ ಅಳ್ಬೇಕೋ. ಓಕ್ಲೆಂಡ್ ಅಭಿಮಾನಿಗಳ ಸಂಕಟದ ಮುಂದೆ ನಮ್ಮ 81-81 ಏನೂ ಅಲ್ಲ ಅಂತ ಸುಮ್ನಾಗ್ತೀನಿ, ಆದ್ರೆ ಡಾಡ್ಜರ್ಸ್ 2024, 2025 ಎರಡೂ ಕಪ್ ಎತ್ತಿರೋದು ನೆನಪಾದ್ರೆ ಹೊಟ್ಟೆ ಉರಿಯುತ್ತೆ.

ಇಷ್ಟೆಲ್ಲಾ ಓದಿಯೂ ದುಡ್ಡು ಖರ್ಚು ಮಾಡೋಕೆ ಮನಸ್ಸಿಲ್ಲ ಅಂದ್ರೆ ಒಂದು ಉಪಾಯ ಇದೆ. ಬಲಗಡೆ ಗೋಡೆ ಹಿಂದೆ, ನೀರಿನ ಪಕ್ಕದ ಕಾಲುದಾರೀಲಿ ಕಮಾನುಗಳಿವೆ, ಜಾಲರಿ ಮೂಲಕ ಮೈದಾನ ಕಾಣುತ್ತೆ, ಟಿಕೆಟ್ ಕೇಳಲ್ಲ. ರಶ್ ಇದ್ರೆ ಮೂರು ಇನ್ನಿಂಗ್ಸ್ ಆದ್ಮೇಲೆ ಹಿಂದಿನೋರಿಗೆ ಜಾಗ ಬಿಡ್ಬೇಕು, ಅಷ್ಟೇ. ಮಂಗಳವಾರದ ಮ್ಯಾಚ್‌ಗೆ ಹೋಗಿ, ಬೇಗ ಹೋಗಿ, ಜಾಕೆಟ್ ಮರೀಬೇಡಿ.