ಕೆಳದವಡೆಗೆ ಯಾವ ಸ್ಕ್ಯಾನ್: ಒಪಿಜಿ ಸಾಕೇ, ಸಿಬಿಸಿಟಿ ಬೇಕೇ?

ಕೆಳಗಿನ ಬುದ್ಧಿ ಹಲ್ಲು ಕೀಳಿಸಬೇಕು, ಇಲ್ಲವೇ ಇಂಪ್ಲಾಂಟ್ (ಮೂಳೆಗೆ ಕೂರಿಸುವ ಕೃತಕ ಬೇರು) ಹಾಕಿಸಬೇಕು ಎಂದಾಗ ಈ ಪ್ರಶ್ನೆ ಎದುರಾಗುತ್ತದೆ. ಒಪಿಜಿ ಎಂದರೆ ದವಡೆಯ ಚಪ್ಪಟೆ ಎಕ್ಸ್-ರೇ, ಸಿಬಿಸಿಟಿ ಎಂದರೆ ಮೂರು ಆಯಾಮದ ಸ್ಕ್ಯಾನ್. ಒಪಿಜಿ ಅಗ್ಗ, ಅದರಲ್ಲಿ ವಿಕಿರಣವೂ ಕಡಿಮೆ, ಇಡೀ ದವಡೆ ಒಂದೇ ಚಿತ್ರದಲ್ಲಿ ಸಿಗುತ್ತದೆ. ಹಲ್ಲಿನ ಬೇರು ನರದ ಕಾಲುವೆಯಿಂದ ದೂರವಿದ್ದರೆ ಇಷ್ಟೇ ಸಾಕು. ಸುಮ್ಮನೆ ಹೆಚ್ಚು ದುಡ್ಡು ಸುರಿಯಬೇಡಿ.

ಆದರೆ ಎಲ್ಲರ ದವಡೆಯೂ ಒಂದೇ ಅಚ್ಚಿನದಲ್ಲ. ಕೆಳತುಟಿ, ಗದ್ದಗಳಿಗೆ ಸ್ಪರ್ಶ ಕೊಡುವ ನರ ಮೂಳೆಯೊಳಗಿನ ಕಾಲುವೆಯಲ್ಲಿ ಸಾಗುತ್ತದೆ. ಕೆಲವರಲ್ಲಿ ಆ ಕಾಲುವೆ ಕವಲೊಡೆದು ಎರಡಾಗಿರುತ್ತದೆ. ಇನ್ನು ಕೆಲವರಲ್ಲಿ ನರ ಗದ್ದದ ಬದಿಯ ರಂಧ್ರವನ್ನು ದಾಟಿ ಮುಂದೆ ಹೋಗಿ, ಮತ್ತೆ ಹಿಂದಕ್ಕೆ ಬಾಗಿ ಹೊರಬರುತ್ತದೆ. ನಾಲಿಗೆ ಬದಿಯ ಮೂಳೆಯ ತಗ್ಗಂತೂ ಒಬ್ಬೊಬ್ಬರಲ್ಲಿ ಒಂದೊಂದು ಆಳ. ಅದು ತಿಳಿಯದೆ ಇಂಪ್ಲಾಂಟ್‌ಗೆ ಕೊರೆದರೆ ಡ್ರಿಲ್ ಮೂಳೆಯಾಚೆ ತೂರಿ ರಕ್ತಸ್ರಾವವಾಗಬಹುದು.

ಒಪಿಜಿ ಇದನ್ನೆಲ್ಲ ಚಪ್ಪಟೆ ಮಾಡಿ, ಹಿಗ್ಗಿಸಿ ತೋರಿಸುತ್ತದೆ. ನರ ಬೇರಿನ ಕೆನ್ನೆ ಬದಿಗಿದೆಯೋ ನಾಲಿಗೆ ಬದಿಗಿದೆಯೋ ಗೊತ್ತಾಗುವುದಿಲ್ಲ. ಸಿಬಿಸಿಟಿ ಅದನ್ನು ಹೋಳು ಹೋಳಾಗಿ ಬಿಡಿಸಿ ತೋರಿಸುತ್ತದೆ.

ಹಾಗಾಗಿ ನನ್ನ ಸಲಹೆ ಇದು: ಮೊದಲು ಒಪಿಜಿ ಮಾಡಿಸಿ. ಅದರಲ್ಲಿ ಕಾಲುವೆಯ ಅಂಚಿನ ಬಿಳಿ ಗೆರೆ ಬೇರಿನ ಬಳಿ ಅಳಿಸಿಹೋಗಿದ್ದರೆ, ಅಥವಾ ಬೇರು ಅಲ್ಲಿ ಕಪ್ಪಾಗಿ ಕಂಡರೆ, ಸಿಬಿಸಿಟಿಗೆ ಹಿಂಜರಿಯಬೇಡಿ. ಹಿಂಭಾಗದ ಇಂಪ್ಲಾಂಟ್‌ಗೆ ನರದಿಂದ ಸಾಮಾನ್ಯವಾಗಿ 2 ಮಿ.ಮೀ. ಅಂತರ ಬಿಡುತ್ತಾರೆ, ಅಷ್ಟು ಸೂಕ್ಷ್ಮ ಅಳತೆಗೆ ಸಿಬಿಸಿಟಿಯೇ ಸರಿ. ಬೇಕಾದಷ್ಟು ಭಾಗಕ್ಕೆ ಮಾತ್ರ ತೆಗೆಯಲು ಕೇಳಿ, ವಿಕಿರಣ ತಗ್ಗುತ್ತದೆ.